ಅಡಿಕೆಗೆ ಹೋದ ಬಂಪರ್

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಹಿರಿಯರು ಹೇಳಿದ್ದು ಕಾರುಗಳಿಲ್ಲದ ಕಾಲದಲ್ಲಿ. ಅವರಿಗೆ ಅಡಿಕೆ ಗೊತ್ತಿತ್ತು, ಆನೆ ಗೊತ್ತಿತ್ತು. ಬಂಪರ್ ಒಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಗಾದೆಯನ್ನು ತುಸು ತಿದ್ದುತ್ತಿದ್ದರು. ಶಿವಮೊಗ್ಗದ ವಿನೋಬನಗರದ ನೂರಡಿ ರಸ್ತೆಯಲ್ಲಿ ಅಡಿಕೆ ಚೀಲ ಹೇರಿಕೊಂಡ ಲಗೇಜ್ ಆಟೋ ಒಂದು ರಿವರ್ಸ್ ಬಂದು ನನ್ನ ಕಾರಿನ ಮೂತಿಗೆ ಗುದ್ದಿದ್ದು ಆರಿದ್ರಾ ಮಳೆ ಹುಟ್ಟಿದ ಎರಡನೇ ದಿನ. ಈಗ ಹಸ್ತಾ ಮಳೆ ನಡೆದಿದೆ. ಕಾರಿಗೆ ಇನ್ನೂ ಮೂತಿ ಬಂದಿಲ್ಲ. ಸಕ್ರೆಬೈಲಿನ ಬಿಡಾರಕ್ಕೆ ಹೋಗಿ ಆನೆಯೊಂದನ್ನು ಬಿಡಿಸಿ ತಂದು ವರ್ಕ್‌ಶಾಪಿನ ಗೇಟಿಗೆ ಕಟ್ಟಿದರೂ ಬರುವ ಲಕ್ಷಣವಿಲ್ಲ. ಲೆಕ್ಕ ಹಾಕಿದರೆ ನೂರು ದಿನ. ನೂರಡಿ ರಸ್ತೆ, ನೂರು ದಿನ, ಅಡಿಗೊಂದು ದಿನ. ಅರವತ್ತಡಿ ರಸ್ತೆಯಲ್ಲಿ ಗುದ್ದಿಸಿಕೊಂಡಿದ್ದರೆ ನಲವತ್ತು ದಿನವಾದರೂ ಉಳಿಯುತ್ತಿತ್ತು ಅಂತ ನನ್ನ ಹೆಂಡತಿಯ ಅಭಿಪ್ರಾಯ.

ಅಂಥ ದೊಡ್ಡ ಪೆಟ್ಟೇನೂ ಅಲ್ಲ. ಪೊಲೀಸ್ ಚೌಕಿ ಕಡೆಯಿಂದ ಬರುತ್ತಿದ್ದೆ, ಮುಂದಿನ ಆಟೋ ನಿಂತಿತು, ನಾನೂ ನಿಂತೆ. ಎಪಿಎಂಸಿ ಕಡೆ ತಿರುಗಬೇಕಾಗಿದ್ದ ಅಡ್ಡರಸ್ತೆ ಹಿಂದೆಯೇ ಉಳಿಯಿತೆಂದು ಆಟೋದವನಿಗೆ ಆಗ ನೆನಪಾಯಿತು. ಢಮಾರ್ ಅನ್ನಲಿಲ್ಲ, ಪಚಕ್ ಅಂದಿತು. ಪ್ಲಾಸ್ಟಿಕ್ ಬಂದ ಮೇಲೆ ಅಪಘಾತಕ್ಕೂ ಗಾಂಭೀರ್ಯ ಉಳಿದಿಲ್ಲ. ಟೀ ಅಂಗಡಿಯಿಂದ ಆರೇಳು ಮಂದಿ ನ್ಯಾಯಾಧೀಶರು ಕೈಯಲ್ಲಿ ಗ್ಲಾಸು ಹಿಡಿದೇ ಎದ್ದು ಬಂದರು. ವಿಚಾರಣೆ ಎರಡು ನಿಮಿಷ, ತೀರ್ಪು ಅರ್ಧ ನಿಮಿಷ: “ಇನ್ಶೂರೆನ್ಸ್ ಇರ್ತದಲ್ಲ ಸಾರ್, ಬಿಟ್ಹಾಕಿ. ಪಾಪ, ಬಡವ.” ಆಟೋದವನು ನನಗೆ ಕೈ ಮುಗಿದ, ಚೀಲ ಒಂದೂ ಬಿದ್ದಿಲ್ಲವೆಂದು ಎಣಿಸಿಕೊಂಡ, ಹೋದ. ಇಡೀ ಪ್ರಕರಣದಲ್ಲಿ ಹೊತ್ತಿಗೆ ಸರಿಯಾಗಿ ಮುಗಿದ ವ್ಯವಹಾರ ಅದೊಂದೇ.

ಬಂಪರ್ ಎರಡು ತುಂಡಾಗಿತ್ತು. ಗ್ರಿಲ್ ಒಡೆದಿತ್ತು. ಎಡಗಡೆ ಹೆಡ್‌ಲೈಟಿನ ಕಿವಿ ಕಿತ್ತು ಬಂದಿತ್ತು. ಬಾನೆಟ್ಟಿನ ತುದಿ ಮುನಿಸಿಕೊಂಡ ಮಗುವಿನ ತುಟಿಯ ಹಾಗೆ ಮೇಲೆದ್ದಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ವರ್ಕ್‌ಶಾಪಿನವರೆಗೆ ನಾನೇ ಓಡಿಸಿಕೊಂಡು ಹೋದೆ. ಆಮೇಲೆ ಗೊತ್ತಾಯಿತು, ಓಡುತ್ತಿದ್ದ ಕಾರನ್ನು ನಿಲ್ಲಿಸಲಿಕ್ಕೆ ಒಯ್ದು ಕೊಟ್ಟಿದ್ದೆ.

ಯಾವ ವರ್ಕ್‌ಶಾಪ್ ಅಂತ ಕೇಳಬೇಡಿ. ಕಾರು ಇನ್ನೂ ಅವರ ಹತ್ತಿರವೇ ಇದೆ.

ಸರ್ವಿಸ್ ಅಡ್ವೈಸರ್ ನಮ್ಮ ತಮ್ಮನ ವಯಸ್ಸಿನ ಹುಡುಗ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್, ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ವಿನಯ. ಕೂರಿಸಿ, ಕಾಫಿ ಕೊಟ್ಟು, ಕಾರಿನ ಸುತ್ತ ಪ್ರದಕ್ಷಿಣೆ ಬಂದು ಜಾಬ್ ಕಾರ್ಡ್ ಬರೆದ. ಜಾಕ್ 1, ಸ್ಟೆಪ್ನಿ 1, ಮ್ಯಾಟ್ 4, ಛತ್ರಿ 1, ಡ್ಯಾಶ್‌ಬೋರ್ಡಿನ ಗಣಪತಿ 1. ಕೆಳಗೆ ನನ್ನ ರುಜು. ಎಷ್ಟು ದಿನ ಆಗಬಹುದು ಅಂದೆ. “ಒಂದು ವಾರ ಸರ್. ಮ್ಯಾಕ್ಸಿಮಮ್ ಹತ್ತು ದಿನ.” ಗಣಪತಿಯನ್ನು ಮನೆಗೆ ತಂದುಬಿಡಲೇ ಅಂತ ಒಂದು ಕ್ಷಣ ಅನ್ನಿಸಿತು. ಹತ್ತು ದಿನಕ್ಕೇನು ಅಂತ ಅಲ್ಲೇ ಬಿಟ್ಟೆ. ಮುಂದೆ ಚೌತಿ ಬಂತು, ಶಿವಮೊಗ್ಗದ ಗಣಪತಿಗಳೆಲ್ಲ ಕೂತರು, ಎದ್ದರು, ಮೆರವಣಿಗೆ ಮುಗಿಸಿ ನೀರಿಗೆ ಹೋದರು. ನಮ್ಮ ಗಣಪತಿ ಇನ್ನೂ ಜಾಬ್ ಕಾರ್ಡಿನಲ್ಲಿದ್ದಾನೆ.

ಶಾಲೆಯಲ್ಲಿ ನಾವು ಭೂತ, ವರ್ತಮಾನ, ಭವಿಷ್ಯತ್ ಅಂತ ಮೂರೇ ಕಾಲ ಓದಿದ್ದು. ನಾಲ್ಕನೆಯದೊಂದು ಇದೆ, ಅದನ್ನು ವರ್ಕ್‌ಶಾಪುಗಳಲ್ಲಿ ಮಾತ್ರ ಆಡುತ್ತಾರೆ. ಬಂಪರ್ ಬರಬೇಕು ಸರ್. ಅಪ್ರೂವಲ್ ಆಗಬೇಕು ಸರ್. ಸರ್ವೇಯರ್ ನೋಡಬೇಕು ಸರ್. ಈ ಕಾಲದಲ್ಲಿ ಕರ್ತೃ ಇರುವುದಿಲ್ಲ. ಬಂಪರನ್ನು ಯಾರೂ ತರುವುದಿಲ್ಲ, ಅದೇ ಬರಬೇಕು. ಅಪ್ರೂವಲನ್ನು ಯಾರೂ ಕೊಡುವುದಿಲ್ಲ, ಮಳೆ ಆದ ಹಾಗೆ ತಾನಾಗಿ ಆಗಬೇಕು. ಒಂದು ದಿನ ತಡೆಯಲಾರದೆ, “ಯಾರು ಆರ್ಡರ್ ಹಾಕಿದ್ದು, ಯಾರಿಗೆ ಹಾಕಿದ್ದು, ಯಾವ ತಾರೀಖು?” ಅಂತ ವಿಭಕ್ತಿ ಪ್ರತ್ಯಯ ಹಚ್ಚಿ ಹಚ್ಚಿ ಕೇಳಿದೆ. ಹುಡುಗ ನೊಂದುಕೊಂಡ. “ಫಾಲೋ ಅಪ್‌ನಲ್ಲಿದೆ ಸರ್,” ಅಂದ. ಸಪ್ತಮಿ ವಿಭಕ್ತಿ.

ಈಗ ವಿಮೆಯ ಕಥೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿಯೇ ನಡೆಯಿತು.

ಹೈದರಾಬಾದಿನಲ್ಲಿ ಕೂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೊಸ ಸುತ್ತೋಲೆ ಹೊರಡಿಸಿದೆ. ಅಪಘಾತದ ಸುದ್ದಿ ಕೊಟ್ಟ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು. ನೇಮಕವಾದ ಸರ್ವೇಯರ್ 15 ದಿನದೊಳಗೆ ವರದಿ ಕೊಡಬೇಕು. ವರದಿ ಕೈಸೇರಿದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ನನ್ನ ಸರ್ವೇಯರ್ ಇಪ್ಪತ್ಮೂರನೇ ಗಂಟೆಗೆ ನೇಮಕವಾದರು. ಬಂದದ್ದು ಆರಿದ್ರಾ ಮುಗಿದು ಪುನರ್ವಸು ಹಿಡಿದ ಮೇಲೆ, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಸಿದರು, ಮುರಿದ ಬಂಪರನ್ನು ಆರು ಕೋನದಿಂದ ಫೋಟೋ ತೆಗೆದರು, “ಗುದ್ದಿದ್ದು ಅಡಿಕೆ ಗಾಡಿನಾ? ಈ ಸಲ ರೇಟ್ ಹೇಗಿದೆ?” ಅಂತ ವಿಚಾರಿಸಿದರು. ಹದಿನಾಲ್ಕನೇ ದಿನ ವರದಿ, ಮುಂದಿನ ಆರನೇ ದಿನ ತೀರ್ಮಾನ. ಒಬ್ಬರೂ ಒಂದು ದಿನ ತಪ್ಪಲಿಲ್ಲ. ಎಲ್ಲರ ಗಡಿಯಾರವೂ ಸರಿ. ಬಂಪರ್ ಎಷ್ಟು ದಿನದೊಳಗೆ ಬರಬೇಕೆಂದು ಮಾತ್ರ ಆ ಗಡಿಯಾರಗಳಲ್ಲಿ ಮುಳ್ಳಿಲ್ಲ. ಕಾಗದ ಓಡುವುದಕ್ಕೆ ನಿಯಮ ಇದೆ, ಕಾರು ಓಡುವುದಕ್ಕೆ ಇಲ್ಲ.

ಸರ್ವೇಯರ್ ನನಗೆ ವಿಮೆಯ ವೇದಾಂತವನ್ನೂ ಸ್ವಲ್ಪ ಬೋಧಿಸಿದರು. ಕಾರಿನ ಒಂದೊಂದು ಅಂಗಕ್ಕೂ ಒಂದೊಂದು ಆಯುಷ್ಯವಂತೆ. ತಗಡು ಮನುಷ್ಯರ ಹಾಗೆ ಮೆಲ್ಲಮೆಲ್ಲನೆ ಮುದಿಯಾಗುತ್ತದೆ: ಆರು ತಿಂಗಳವರೆಗೆ ಸವಕಳಿ ಸೊನ್ನೆ, ವರ್ಷದೊಳಗೆ ಶೇ 5, ಹಾಗೇ ಏರುತ್ತ ಏರುತ್ತ ಐದು ವರ್ಷ ದಾಟಿದರೆ ಶೇ 40, ಹತ್ತು ದಾಟಿದರೆ ಅರ್ಧ. ಪ್ಲಾಸ್ಟಿಕ್ಕಿಗೆ ಆ ಭಾಗ್ಯವಿಲ್ಲ. ಅದು ಹುಟ್ಟುವಾಗಲೇ ಅರ್ಧ ಸತ್ತಿರುತ್ತದೆ. ಷೋರೂಮಿನಿಂದ ಹೊರಬಂದ ಮೊದಲ ದಿನ ಒಡೆದರೂ ಶೇ 50 ಕಳೆಯಿರಿ. ಗಾಜಿಗೆ ಮಾತ್ರ ಮುಪ್ಪಿಲ್ಲ, ಸವಕಳಿಯಿಲ್ಲ, ಅದು ಚಿರಂಜೀವಿ. ನನಗೆ ಆಸೆ ಹುಟ್ಟಿತು. “ಹಾಗಾದರೆ ಹೆಡ್‌ಲೈಟು?” ಅಂದೆ. “ಅದು ಗಾಜಲ್ಲ ಸರ್, ಪಾಲಿಕಾರ್ಬೋನೇಟ್. ಪ್ಲಾಸ್ಟಿಕ್,” ಅಂದರು. ನನ್ನ ಕಾರಿಗೆ ಆರು ವರ್ಷ. ಸವಕಳಿ ಕಳೆಯದ ಬಂಪರ್ ಟು ಬಂಪರ್ ಪಾಲಿಸಿಯನ್ನು ಹೋದ ವರ್ಷ ಕೇಳಿದ್ದೆ, ಕಾರಿಗೆ ವಯಸ್ಸಾಯಿತೆಂದು ಕೊಟ್ಟಿರಲಿಲ್ಲ. ಬಾನೆಟ್ಟಿಗೆ ಶೇ 40, ಬಂಪರಿಗೆ ಅರ್ಧ, ಹೆಡ್‌ಲೈಟಿಗೆ ಅರ್ಧ, ಜೊತೆಗೆ ಪ್ರತಿ ಕ್ಲೇಮಿಗೂ ಮೊದಲ ಸಾವಿರ ರೂಪಾಯಿ ನನ್ನದೇ. ಇದಕ್ಕೆ ಅವರು ಕ್ಯಾಶ್‌ಲೆಸ್ ಅಂತ ಹೆಸರಿಟ್ಟಿದ್ದಾರೆ. ಬಿಲ್ಲು ನೋಡಿದ ಮೇಲೆ ಅರ್ಥವಾಯಿತು, ಕ್ಯಾಶ್‌ಲೆಸ್ ಆಗುವವನು ನಾನು.

ಆಶ್ಲೇಷ ಮಳೆಯಲ್ಲಿ ಪಾಲಿಸಿಯ ವರ್ಷ ಮುಗಿಯಿತು. ನವೀಕರಿಸಿ, ತಪ್ಪಿದರೆ ತೊಂದರೆ ಅಂತ ದಿನಕ್ಕೆ ಮೂರು ಮೆಸೇಜು. ಮೂತಿ ಇಲ್ಲದೆ, ಕದಲದೆ, ಗೋಡೆ ಕಡೆ ಮುಖ ಮಾಡಿ ನಿಂತ ಕಾರಿಗೆ ಮುಂದೆ ಒಂದು ವರ್ಷ ಅಪಘಾತ ಆಗದಿರಲಿ ಅಂತ ವಿಮೆ ಕಟ್ಟಿದೆ. ಐದು ವರ್ಷ ಕೂಡಿಟ್ಟ ನೋ ಕ್ಲೇಮ್ ಬೋನಸ್ ಹೋಗಿತ್ತು. ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದವನಿಗೆ ಶೇ 50 ರಿಯಾಯಿತಿ, ಒಮ್ಮೆ ಬಾಯಿ ತೆರೆದರೆ ಸೊನ್ನೆ. ಹೆಸರಿನಲ್ಲೇ ಇದೆ, ಕೇಳದಿದ್ದುದಕ್ಕೆ ಬಹುಮಾನ ಅಂತ. ನಾನೇ ಸರಿಯಾಗಿ ಓದಿರಲಿಲ್ಲ.

ಅಪ್ರೂವಲ್ ಬಂದ ಮೇಲೆ ಕಾರಿನ ಕೆಲಸ ಶುರುವಾಗುತ್ತದೆ ಅಂತ ನಾನು ತಿಳಿದಿದ್ದೆ. ಶುರುವಾದದ್ದು ಬಂಪರಿನ ಯಾತ್ರೆ. ಅದು ಒಮ್ಮೆ ಚೆನ್ನೈಯಲ್ಲಿತ್ತು. ಆಮೇಲೆ ಪುಣೆಯಲ್ಲಿತ್ತು. ನಡುವೆ ಎರಡು ವಾರ ‘ಸಿಸ್ಟಮ್‌ನಲ್ಲಿ’ ಇತ್ತು. ಪುಷ್ಯ ಮಳೆಯಲ್ಲಿ ಬೆಂಗಳೂರಿಗೆ ಬಂತು ಅಂತ ಫೋನು. ಬೆಂಗಳೂರು ಇಲ್ಲಿಂದ ಒಂದು ರಾತ್ರಿಯ ಬಸ್ಸು. ಸೋಗಾನೆಯಲ್ಲಿ 2023ರಿಂದ ವಿಮಾನವೂ ಇಳಿಯುತ್ತದೆ, ಅದಕ್ಕೆ ಕುವೆಂಪು ಅವರ ಹೆಸರು. ವಿಮಾನ ಬಂತು, ಹೋಯಿತು. ಬಂಪರ್ ಮಾತ್ರ ಬಿ.ಎಚ್. ರಸ್ತೆ ಹಿಡಿದು ಹರಕೆ ಹೊತ್ತವರಂತೆ ನಡೆದುಕೊಂಡೇ ಬರುತ್ತಿತ್ತು.

ಒಂದು ಶನಿವಾರ ಕಾರನ್ನು ನೋಡಿಕೊಂಡು ಬರಲು ಹೋದೆ. ಹೌದು, ಆಗಲೇ ಅಭ್ಯಾಸವಾಗಿತ್ತು; ಮೆಗ್ಗಾನ್ ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಹೋದ ಹಾಗೆ. ಬರಿಗೈಲಿ ಹೋಗಬಾರದೆಂದು ಧೂಳು ಒರೆಸುವ ಬಟ್ಟೆ ಒಯ್ಯುತ್ತಿದ್ದೆ. ವರ್ಕ್‌ಶಾಪಿನ ಹಿಂಬದಿಯ ಷೆಡ್ಡಿನಲ್ಲಿ ನಮ್ಮಂಥವರ ಕಾರುಗಳು ಸಾಲಾಗಿ ನಿಂತಿರುತ್ತವೆ: ಒಂದಕ್ಕೆ ಬಾಗಿಲಿಲ್ಲ, ಒಂದಕ್ಕೆ ಬೆನ್ನಿಲ್ಲ, ಒಂದರ ಕಣ್ಣಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಟೇಪು ಹಚ್ಚಿದ್ದಾರೆ. ಇನ್ನೊಂದರ ಹಿಂದಿನ ಗಾಜಿನ ಧೂಳಿನ ಮೇಲೆ ಯಾರೋ ಬೆರಳಲ್ಲಿ ‘ಗೆಟ್ ವೆಲ್ ಸೂನ್’ ಅಂತ ಬರೆದಿದ್ದರು. ನನ್ನ ಕಾರಿನ ಬಾಯಿಯಲ್ಲಿ, ಗ್ರಿಲ್ ಇರಬೇಕಾದ ಜಾಗದಲ್ಲಿ, ರೇಡಿಯೇಟರಿಗೆ ಒರಗಿಕೊಂಡು ಬೂದು ಬಣ್ಣದ ಬೆಕ್ಕೊಂದು ಮಲಗಿತ್ತು. ಹೊಟ್ಟೆ ದೊಡ್ಡದಿತ್ತು. ಮುಂದಿನ ಶನಿವಾರ ಹೋದಾಗ ಮೂರು ಮರಿ. ಬೆಕ್ಕಿಗೆ ಗರ್ಭ ನಿಂತು ಹೆರುವುದಕ್ಕೆ ಹೆಚ್ಚುಕಡಿಮೆ ಎರಡು ತಿಂಗಳು ಸಾಕು. ಕಣ್ಣು, ಕಿವಿ, ಬಾಲ, ಮೀಸೆ ಸಮೇತ ಮೂರು ಜೀವ, ಒಂದು ಬಿಡಿಭಾಗವೂ ಬ್ಯಾಕ್ ಆರ್ಡರಿನಲ್ಲಿ ಇಲ್ಲ. “ಬಾಣಂತಿ ಸರ್, ಎಬ್ಬಿಸೋದು ಬೇಡ ಅಂತ,” ಅಂದ ಅಡ್ವೈಸರ್. ಕೆಲಸ ನಿಂತಿರುವುದಕ್ಕೆ ನೂರು ದಿನದಲ್ಲಿ ಅವನು ಕೊಟ್ಟ ಕಾರಣಗಳಲ್ಲಿ ನಾನು ಪೂರ್ತಿ ಒಪ್ಪಿದ್ದು ಅದೊಂದನ್ನೇ.

ಆ ಶನಿವಾರವೇ ವಾಪಸ್ ಬರುವಾಗ ಷೋರೂಮಿನ ಮುಂದಿನ ಗಾಜಿನ ಕೋಣೆ ಹಾದು ಬಂದೆ. ಒಳಗೆ ನನ್ನದೇ ಕಾರು ನಿಂತಿತ್ತು! ಅದೇ ಮಾಡೆಲ್, ಅದೇ ಬಿಳಿ ಬಣ್ಣ. ಆದರೆ ಹೊಸದು, ಕೆಂಪು ರಿಬ್ಬನ್ನು ಕಟ್ಟಿಸಿಕೊಂಡು ನಗುತ್ತಿತ್ತು. ಮೂತಿಯಲ್ಲಿ ಬಂಪರ್, ಗ್ರಿಲ್, ಎರಡು ಹೆಡ್‌ಲೈಟು. ಹಿಂಬದಿ ಷೆಡ್ಡಿನಿಂದ ಅಲ್ಲಿಗೆ ನಲವತ್ತು ಹೆಜ್ಜೆ, ಎಣಿಸಿಯೇ ಹೇಳುತ್ತಿದ್ದೇನೆ. ಅಡ್ವೈಸರನ್ನು ಕರೆದು ಬೆರಳು ಮಾಡಿ ತೋರಿಸಿದೆ: “ತಮ್ಮಾ, ಅಲ್ಲಿದೆ ನೋಡು ಬಂಪರ್. ಚೆನ್ನೈಯಲ್ಲೂ ಇಲ್ಲ, ಪುಣೆಯಲ್ಲೂ ಇಲ್ಲ.” ಅವನು ಗುಡಿಯಲ್ಲಿ ಚಪ್ಪಲಿ ಹಾಕಿದವನನ್ನು ನೋಡುವ ಹಾಗೆ ನೋಡಿದ. “ಸರ್, ಅದು ಸೇಲ್ಸ್,” ಅಂದ.

ಸೇಲ್ಸಿನ ಹುಡುಗ ಅಷ್ಟರಲ್ಲೇ ಓಡಿಬಂದ. ನನ್ನ ಕಾರಿನ ಸಂಗತಿ ಕೇಳಿ ನಿಜವಾಗಿಯೂ ಮರುಗಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: “ಎಕ್ಸ್‌ಚೇಂಜ್ ಮಾಡಿಬಿಡಿ ಸರ್. ಇದೇ ಮಾಡೆಲ್ ರೆಡಿ ಸ್ಟಾಕ್ ಇದೆ. ಇವತ್ತು ಬುಕ್ ಮಾಡಿದ್ರೆ ಬುಧವಾರ ಡೆಲಿವರಿ.” ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ಬಂಪರ್ ಒಂದೇ ಬೇಕೆಂದರೆ ಮೂರು ತಿಂಗಳು. ಬಂಪರಿನ ಹಿಂದೆ ಇಡೀ ಕಾರೂ ಬೇಕೆಂದರೆ ನಾಲ್ಕು ದಿನ.

ಇದರ ಗುಟ್ಟು ತಿಳಿಯಲು ಜಪಾನಿಗೆ ಒಂದು ಸುತ್ತು ಹೋಗಿ ಬರೋಣ. ಬಂಪರ್ ಬರುವುದರೊಳಗೆ ಹೋಗಿ ಬರಬಹುದು. 1997ರ ಫೆಬ್ರುವರಿ 1ರ ಬೆಳಗಿನ ಜಾವ ಅಲ್ಲಿನ ಕರಿಯಾ ಎಂಬಲ್ಲಿ ಐಸಿನ್ ಕಂಪನಿಯ ಕಾರ್ಖಾನೆ ಸುಟ್ಟುಹೋಯಿತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಅಂಗೈಯಗಲದ ವಾಲ್ವ್ ಬರುತ್ತಿದ್ದದ್ದು ಬಹುತೇಕ ಅದೊಂದೇ ಕಡೆಯಿಂದ. ಗೋದಾಮು ತುಂಬಿಡುವುದು ದಂಡ, ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಲಿ ಎಂಬುದು ಟೊಯೋಟಾದ ಮಂತ್ರ, ಹಾಗಾಗಿ ಕೈಯಲ್ಲಿ ಹೆಚ್ಚು ದಾಸ್ತಾನು ಇರಲಿಲ್ಲ. ಕಾರು ಜೋಡಿಸುವ ಸಾಲುಗಳು ನಿಂತವು. ಆಗ ಏನಾಯಿತು? ಸುತ್ತಲಿನ ಕಂಪನಿಗಳೆಲ್ಲ ನಕ್ಷೆ ಹಿಡಿದು ವಾಲ್ವ್ ಕೊರೆಯಲು ಕೂತವು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕೂಡ ಕೊರೆಯಿತು. ಒಂದು ವಾರದೊಳಗೆ ಸಾಲುಗಳು ಮತ್ತೆ ಉರುಳತೊಡಗಿದವು. ಹುಟ್ಟಬೇಕಾದ ಕಾರಿನ ವಿಷಯದಲ್ಲಿ ಕಂಪನಿಗಳಿಗೆ ಇರುವ ಮಮತೆ ಇಂಥದು. ಹೊಲಿಗೆ ಯಂತ್ರದವರ ಕಾಲಾದರೂ ಹಿಡಿಯುತ್ತಾರೆ. ಹುಟ್ಟಿ, ದುಡ್ಡು ಕೊಟ್ಟು ಮನೆಗೆ ಹೋದ ಕಾರು ಮಾತ್ರ ಕೊಟ್ಟ ಹೆಣ್ಣು ಕುಲದ ಹೊರಗೆ. ಜೋಡಣೆಯ ಸಾಲು ಒಂದು ದಿನ ನಿಂತರೆ ನಷ್ಟ ಅವರದು. ನನ್ನ ಕಾರು ನೂರು ದಿನ ನಿಂತರೆ ಆಟೋ ಚಾರ್ಜು ನನ್ನದು. ಬಂಪರ್ ಇಲ್ಲ ಅಂತಲ್ಲ. ಆಗಲೇ ದುಡ್ಡು ಕೊಟ್ಟಾದವನಿಗೆ ಬಂಪರ್ ಇಲ್ಲ.

ನಡುವೆ ಅದೇ ವರ್ಕ್‌ಶಾಪಿನ ಕಾಲ್ ಸೆಂಟರಿನಿಂದ ಒಂದು ಫೋನು. ಇಂಪಾದ ಹೆಣ್ಣುದನಿ. “ಸರ್, ನಿಮ್ಮ ಕಾರು ಸರ್ವಿಸ್‌ಗೆ ಡ್ಯೂ ಇದೆ. ಯಾವಾಗ ತರ್ತೀರಿ ಸರ್?”

“ತಂದು ಎರಡು ತಿಂಗಳಾಯ್ತಮ್ಮ, ನಿಮ್ಮ ಹತ್ರಾನೇ ಇದೆ.”

“ಥ್ಯಾಂಕ್ಯೂ ಸರ್. ಹಾಗಾದ್ರೆ ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?”

ಐದು ಅನ್ನುವವನಿದ್ದೆ. ಅರ್ಧ ಗಂಟೆ ಮೊದಲು ಅಡ್ವೈಸರ್ ಫೋನು ಮಾಡಿ, ಹತ್ತಕ್ಕಿಂತ ಒಂದು ಕಡಿಮೆಯಾದರೂ ತನ್ನ ಇನ್ಸೆಂಟಿವ್ ಹೋಗುತ್ತದೆ, ಮನೆಯಲ್ಲಿ ತಂಗಿ ಮದುವೆ ಇದೆ ಅಂತ ಬೇಡಿಕೊಂಡಿದ್ದ. ಹತ್ತು ಕೊಟ್ಟೆ. ಕಾರು ಅವನ ವಶದಲ್ಲಿದೆ, ಒಂದು. ಆ ಹುಡುಗನೂ ನನ್ನ ಹಾಗೆಯೇ ಯಾರದೋ ಬಂಪರಿಗೆ ಕಾಯುತ್ತಿರುವವನು, ಎರಡು. ಈ ದೇಶದಲ್ಲಿ ಹತ್ತಕ್ಕೆ ಹತ್ತು ಬಂದ ಸೇವೆಗಳೆಲ್ಲ ಹೇಗೆ ಬಂದವೆಂಬುದು ಅವತ್ತು ತಿಳಿಯಿತು.

ನಮ್ಮ ಎದುರು ಮನೆಯ ಹಿರಿಯರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಬರುವಾಗ ನಮ್ಮ ಖಾಲಿ ಪೋರ್ಟಿಕೋ ಮುಂದೆ ನಿಂತು ಒಂದು ಮಾತು ಆಡದಿದ್ದರೆ ಅವರಿಗೆ ದಿನ ಹಿಡಿಯುವುದಿಲ್ಲ. “ಎಂತದು ಮಾರಾಯ್ರೆ, ಬಂತಾ?” ಅಂತ ಶುರು. ಇಲ್ಲ ಅಂದರೆ ಸಮಾಧಾನ ಹೇಳುತ್ತಾರೆ: “ಗಾಬರಿ ಆಗಬೇಡಿ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ, ನಮ್ಮ ಫ್ಯಾಕ್ಟರಿ ಕೆಲಸ ಹಿಡಿದಿದ್ದು. ಆಗ ಊರಿಗೆ ಬೆಂಕಿಪುರ ಅಂತಿದ್ರು, ಸುತ್ತ ಕಾಡು. ಸೌದೆ ಕಡಿದು, ಇದ್ದಲು ಸುಟ್ಟು, ಕಬ್ಬಿಣ ಕರಗಿಸಿದ್ದು 1923ಕ್ಕೆ. ಐದು ವರ್ಷ! ನಿಮ್ಮ ಬಂಪರಿಗೆ ಇನ್ನೂ ನಾಲ್ಕು ಮುಕ್ಕಾಲು ವರ್ಷ ಟೈಮ್ ಇದೆ.”

ಅವರ ಮಾತಿನಲ್ಲಿ ಕುಟುಕು ಇದೆ, ಅದು ನನಗೊಬ್ಬನಿಗೇ ಅಲ್ಲ. ವಿಶ್ವೇಶ್ವರಯ್ಯನವರು ಕಬ್ಬಿಣದಲ್ಲಿ ನಿಲ್ಲಲಿಲ್ಲ. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಭಾರತದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಹಿಡಿದು ಯುರೋಪು, ಅಮೆರಿಕ ಸುತ್ತಿ ಬಂದರು. ಅವರ ಭದ್ರಾವತಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಆಮೇಲೆ ಉಳಿಸುವ ಭರವಸೆಗಳು ಬಂದವು. ಆಮೇಲೆ ಅದೂ ಸರ್ವೇಯರ್ ವರದಿಗೆ ಕಾದ ಕಾರಿನ ಹಾಗೆ ಹೊಳೆಯ ದಂಡೆಯಲ್ಲಿ ಕಾಯತೊಡಗಿತು. ಇತ್ತ ಶಿವಮೊಗ್ಗದ ಫೌಂಡ್ರಿಗಳಲ್ಲಿ ಎರಕ ಹೊಯ್ದ ವಾಹನದ ಭಾಗಗಳು ಲಾರಿ ತುಂಬಿ ಊರೂರಿನ ಕಾರ್ಖಾನೆಗಳಿಗೆ ಹೋಗುತ್ತವೆ. ಹೋಗುವ ಲಾರಿಗೆ ದಾರಿ ಗೊತ್ತು. ಬರುವ ಲಾರಿಗೆ ಮಾತ್ರ ಶಿವಮೊಗ್ಗ ಎಲ್ಲಿದೆ ಅಂತ ಯಾರೋ ಹೇಳಿಕೊಡಬೇಕು.

“ನಮ್ಮ ಆಟೋ ಕಾಂಪ್ಲೆಕ್ಸಿಗೆ ಹೋಗಿ ನೋಡಿ,” ಅಂದವರೂ ಅವರೇ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದೆ. ಒಂದು ತಗಡಿನ ಷೆಡ್ಡು, ಒಳಗೆ ಪುಟ್ಟಿ ಮತ್ತು ಥಿನ್ನರಿನ ವಾಸನೆ. ಟಿಂಕರಿಂಗ್ ಮಾಡುವ ಭಾಯ್ ಯಾವುದೋ ಕಾರಿನ ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬಾಗಿಲಿನ ಒಳಗಡೆಗೆ ಡಾಲಿ ಅನ್ನುವ ಕಬ್ಬಿಣದ ತುಂಡು ಒತ್ತಿ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಬಡಿಯುವುದು, ನಿಲ್ಲಿಸುವುದು, ಕಣ್ಣು ಮುಚ್ಚಿ ಅಂಗೈಯನ್ನು ತಗಡಿನ ಮೇಲೆ ಮೆಲ್ಲಗೆ ಸವರುವುದು, ಒಂದು ಕಡೆ ಬೆರಳು ನಿಂತರೆ ಅಲ್ಲಿಗೆ ಇನ್ನೊಂದು ಟಕ್. ತಗ್ಗು ಕಣ್ಣಿಗೆ ಕಾಣುವುದಿಲ್ಲ ಸಾರ್, ಕೈಗೆ ಸಿಗ್ತದೆ ಅಂದರು. ನನ್ನ ಫೋನಿನಲ್ಲಿ ಕಾರಿನ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದರು. “ಬಾನೆಟ್ ಎತ್ತಬಹುದು. ಬಂಪರ್ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ ಪೇಂಟ್ ಹೊಡೆದ್ರೆ ಗೊತ್ತಾಗಲ್ಲ. ಹೆಡ್‌ಲೈಟ್ ಕಿವಿಗೆ ಪಟ್ಟಿ ಕೂರಿಸ್ತೀನಿ. ಎರಡು ದಿನ. ಮಳೆ ಅಲ್ವಾ, ಪೇಂಟಿಗೆ ಒಂದು ದಿನ ಜಾಸ್ತಿ ಇಟ್ಕೊಳ್ಳಿ. ಮೂರು.” ಅವರ ಮಾತಿನಲ್ಲಿ ಕ್ರಿಯಾಪದಕ್ಕೆ ಕರ್ತೃ ಇತ್ತು. ಕೂರಿಸ್ತೀನಿ. ಆ ಒಂದು ಪದ ಕೇಳಿ ನನಗೆ ಕಣ್ಣು ತುಂಬಿ ಬಂತು.

“ಆದರೆ ನಿಮ್ಮ ಕ್ಯಾಶ್‌ಲೆಸ್ಸು ಇಲ್ಲಿ ನಡೆಯಲ್ಲ ಸಾರ್. ಕಂಪನಿ ಪಾರ್ಟ್ಸ್ ನಮಗೆ ಕೊಡೋದೂ ಕಷ್ಟ.”

ಕಷ್ಟ ಅಂದದ್ದು ಸುಮ್ಮನೆ ಅಲ್ಲ. ಬಿಡಿಭಾಗಗಳನ್ನೂ ರಿಪೇರಿಯ ಉಪಕರಣ, ಮಾಹಿತಿಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಂಪನಿಗಳು ತಮ್ಮ ಡೀಲರುಗಳ ಬಳಿಯೇ ಬಿಗಿ ಮಾಡಿಟ್ಟುಕೊಂಡಿವೆ ಎಂದು ಒಬ್ಬ ಗ್ರಾಹಕ 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟ. ಆಯೋಗ 2014ರ ಆಗಸ್ಟ್ 25ರಂದು ದೂರು ನಿಜವೆಂದು ಹೇಳಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ದಂಡದ ಮೇಲೆ ಮೇಲ್ಮನವಿ, ಮೇಲ್ಮನವಿಯ ಮೇಲೆ ಮೇಲ್ಮನವಿ. 2022ರ ಡಿಸೆಂಬರ್ 24ರಂದು, ಗ್ರಾಹಕರ ದಿನದ ಶುಭ ಮುಹೂರ್ತದಲ್ಲಿ, ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು. ಹಕ್ಕು ಸಿಕ್ಕಿದೆ. ಪೋರ್ಟಲ್ ಸಿಕ್ಕಿದೆ. ಬಂಪರ್ ಒಂದು ಸಿಕ್ಕಿಬಿಟ್ಟರೆ ಸೆಟ್ ಪೂರ್ತಿ.

ಆದದ್ದಾಗಲಿ, ಕಾರು ಬಿಡಿಸಿಕೊಂಡು ಭಾಯ್ ಹತ್ತಿರ ಒಯ್ಯೋಣವೆಂದು ವರ್ಕ್‌ಶಾಪಿಗೆ ಹೋದೆ. “ಬಿಚ್ಚಿಬಿಟ್ಟಿದೀವಲ್ಲ ಸರ್!” ಅಂದ ಅಡ್ವೈಸರ್. ನಿಜ, ಬಿಚ್ಚುವುದಕ್ಕೆ ಅವರು ಯಾರ ಅಪ್ರೂವಲಿಗೂ ಕಾದಿರಲಿಲ್ಲ. ಮೊದಲ ದಿನ ಸಂಜೆಯೊಳಗೇ ಬಂಪರ್, ಗ್ರಿಲ್, ಲೈಟು, ಫೆಂಡರಿನ ಲೈನರು, ಹಾರ್ನು ಎಲ್ಲ ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬಿ ಮೇಲೆ ನನ್ನ ಕಾರಿನ ನಂಬರು ಬರೆದಿಟ್ಟಿದ್ದರು. ಬಾಡಿ ಶಾಪಿನ ರಾಜನೀತಿಯಲ್ಲಿ ಇದು ಮೊದಲ ಸೂತ್ರ: ಬಿಚ್ಚಿದ ಕಾರು ಎದ್ದು ಹೋಗುವುದಿಲ್ಲ. ಒಯ್ಯುವುದಾದರೆ ಬಿಚ್ಚಿದ ಕೂಲಿ, ಎಸ್ಟಿಮೇಟ್ ಚಾರ್ಜು, ನಿಲ್ಲಿಸಿದ ಬಾಡಿಗೆ ಕಟ್ಟಬೇಕಂತೆ. ಕಾದದ್ದು ನಾನು, ಬಾಡಿಗೆ ಕೊಡಬೇಕಾದವನೂ ನಾನು.

ಗ್ರಾಹಕರ ಆಯೋಗಕ್ಕೆ ಹೋಗೋಣವೇ ಅಂತ ವಕೀಲ ಗೆಳೆಯನನ್ನು ಕೇಳಿದೆ. 2019ರ ಕಾಯ್ದೆ ಪ್ರಕಾರ ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿದ ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕು, ವಸ್ತುವಿನ ಪರೀಕ್ಷೆ ಬೇಕಾದರೆ ಐದು ಅಂದ. ಕಾನೂನಿನಲ್ಲಿ ಬರೆದ ಮೂರು ತಿಂಗಳಿಗೂ ಅಡ್ವೈಸರ್ ಹೇಳಿದ ಒಂದು ವಾರಕ್ಕೂ ಎಷ್ಟನೇ ತಲೆಮಾರಿನ ನೆಂಟಸ್ತಿಕೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಬ್ಬರೂ ಕಾಫಿ ಕುಡಿದು ಎದ್ದೆವು.

ಉತ್ತರಾ ಮಳೆಯ ಮೊದಲ ವಾರದಲ್ಲಿ ಬಂಪರ್ ಬಂತು. ಹೌದು, ಬಂತು! ಅಡ್ವೈಸರ್ ಹೆರಿಗೆ ಸುದ್ದಿ ಹೇಳುವವನ ದನಿಯಲ್ಲಿ ಫೋನು ಮಾಡಿದ. ಹೆಂಡತಿ, ಎದುರು ಮನೆಯ ಹಿರಿಯರು, ನಾನು, ಮೂವರೂ ಆಟೋ ಮಾಡಿಕೊಂಡು ಹೋದೆವು. ನಮ್ಮ ಮುಂದೆಯೇ ಗುಳ್ಳೆ ಪ್ಲಾಸ್ಟಿಕ್ ಬಿಚ್ಚಿದರು. ಕಪ್ಪಗೆ ಮಿರಮಿರ ಅನ್ನುತ್ತಿತ್ತು. ಬಣ್ಣ ಇಲ್ಲಿಯೇ ಹೊಡೆಯುವುದಂತೆ. ಹಿರಿಯರು ಬಗ್ಗಿ ನೋಡಿ, “ಇದೆಂತಕ್ಕೆ ಎರಡು ತೂತು?” ಅಂದರು. ಫಾಗ್ ಲ್ಯಾಂಪಿನ ತೂತು. ನನ್ನ ಕಾರಿಗೆ ಫಾಗ್ ಲ್ಯಾಂಪ್ ಇಲ್ಲ. ಅದು ಟಾಪ್ ಮಾಡೆಲಿನ ಬಂಪರು. ಅಡ್ವೈಸರ್ ತೂತುಗಳನ್ನೂ ನನ್ನನ್ನೂ ಸರದಿಯಾಗಿ ನೋಡಿದ. “ವಾಪಸ್ ಕಳಿಸಿ ಮತ್ತೆ ಆರ್ಡರ್ ಹಾಕ್ತೀವಿ ಸರ್. ಅಥವಾ ಹೀಗೇ ಹಾಕಿಬಿಡೋಣ, ತೂತಿಗೆ ಕವರ್ ತರಿಸೋಣ.” ಕವರ್ ಎಷ್ಟು ದಿನ ಅಂದೆ.

“ಒಂದು ವಾರ ಸರ್. ಮ್ಯಾಕ್ಸಿಮಮ್ ಹತ್ತು ದಿನ.”

ನಿನ್ನೆ ಆಯುಧ ಪೂಜೆ. ಹದಿನೈದು ದಿನ ಮೊದಲೇ ಇಟ್ಟುಕೊಂಡ ಆಸೆಯಿಂದ ನಾನು ಗಾಂಧಿ ಬಜಾರಿಗೆ ಹೋಗಿ ಸೇವಂತಿಗೆ ಹಾರ, ಬೂದುಗುಂಬಳಕಾಯಿ, ನಾಲ್ಕು ನಿಂಬೆಹಣ್ಣು ತಂದಿದ್ದೆ. ಬೆಳಿಗ್ಗೆ ಓಣಿಯ ಕಾರುಗಳೆಲ್ಲ ಮಿಂದು ಹಾರ ಹಾಕಿಕೊಂಡು ಸಾಲಾಗಿ ನಿಂತವು. ನಮ್ಮ ಪೋರ್ಟಿಕೋದಲ್ಲಿ ಒಂದು ಮಣೆ ಇಟ್ಟು, ಮಣೆಯ ಮೇಲೆ ಕಾರಿನ ಕೀ, ಕೀಯ ಕೆಳಗೆ ಜಾಬ್ ಕಾರ್ಡಿನ ಹಳದಿ ಪ್ರತಿ. ಹೆಂಡತಿ ಎರಡಕ್ಕೂ ಕುಂಕುಮ ಹಚ್ಚಿದಳು. ಮಂಗಳಾರತಿಯ ಹೊತ್ತಿಗೆ ಫೋನು ಟಿಂಗ್ ಅಂದಿತು. ವರ್ಕ್‌ಶಾಪಿನಿಂದ ವಾಟ್ಸ್ಯಾಪು: ‘ಆಯುಧ ಪೂಜೆಯ ಶುಭಾಶಯಗಳು. ಮೂರು ದಿನ ರಜೆ ಇರುತ್ತದೆ.’ ಜೊತೆಗೆ ಫೋಟೋ. ಷೆಡ್ಡಿನಲ್ಲಿ ನಮ್ಮ ಕಾರು, ತೆರೆದ ಬಾಯಿಗೆ ಅಡ್ಡಲಾಗಿ ಚೆಂಡುಹೂವಿನ ಹಾರ. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಬಂಪರು, ಎರಡು ತೂತುಗಳ ನಡುವೆ ಹಣೆಗಿಟ್ಟ ಹಾಗೆ ಒಂದು ದೊಡ್ಡ ಕುಂಕುಮದ ಬೊಟ್ಟು. ಒಂದು ತೂತಿನಿಂದ ಬೆಕ್ಕಿನ ಮರಿ ಇಣುಕುತ್ತಿತ್ತು.

ಕುಂಬಳಕಾಯಿಯನ್ನು ಎದುರು ಮನೆಯವರ ಸ್ಕೂಟರಿಗೆ ಒಡೆದೆವು. ನಿಂಬೆಹಣ್ಣು ಇಡಲು ಚಕ್ರ ಇರಲಿಲ್ಲ. ಮಧ್ಯಾಹ್ನ ಚಿತ್ರಾನ್ನಕ್ಕೆ ಹಿಂಡಿದೆವು.